ಪಟ್ಟಿ ಬ್ರಸೆಲ್ಸ್‌ನದು, ಪಾಲನೆ ಎಲ್ಲೆಡೆಯದು: ನಯಾರಾ ಎನರ್ಜಿ ಪ್ರಕರಣದ ಅಧ್ಯಯನ

2025ರ ಜುಲೈ 22ರಂದು ನಯಾರಾ ಎನರ್ಜಿ ಕಂಪನಿಯ ನೌಕರರಿಗೆ ಅವರ ಔಟ್‌ಲುಕ್ ಇಮೇಲ್ ಖಾತೆಗಳೂ ಟೀಮ್ಸ್ ತಂತ್ರಾಂಶವೂ ಸಿಗದಂತಾದವು. ಸೇವೆಯನ್ನು ನಿಲ್ಲಿಸಿದ್ದು ಮೈಕ್ರೋಸಾಫ್ಟ್. ಪರವಾನಗಿಯ ಹಣ ಪೂರ್ತಿ ಸಂದಾಯವಾಗಿದೆ, ತಮ್ಮದೇ ದತ್ತಾಂಶಕ್ಕೆ ತಮಗೇ ಪ್ರವೇಶವಿಲ್ಲದಂತಾಗಿದೆ ಎಂದು ನಯಾರಾ ಬಹಿರಂಗವಾಗಿ ದೂರಿತು. ದೇಶದ ತೈಲ ಸಂಸ್ಕರಣಾ ಸಾಮರ್ಥ್ಯದಲ್ಲಿ ಸುಮಾರು ಶೇ 8ರಷ್ಟು ಪಾಲು ಹೊಂದಿರುವ, ಆರೂವರೆ ಸಾವಿರಕ್ಕೂ ಹೆಚ್ಚು ಪೆಟ್ರೋಲ್ ಬಂಕ್‌ಗಳಿರುವ ಈ ಕಂಪನಿ ಕೆಲವು ದಿನಗಳ ಮಟ್ಟಿಗೆ ರೆಡಿಫ್‌ನ ಇಮೇಲ್ ಸೇವೆಯ ಮೊರೆಹೋಗಬೇಕಾಯಿತು. ಅದಕ್ಕೆ ನಾಲ್ಕು ದಿನ ಮೊದಲು, ಜುಲೈ 18ರ ಶುಕ್ರವಾರ, ಐರೋಪ್ಯ ಒಕ್ಕೂಟವು ರಷ್ಯಾದ ವಿರುದ್ಧದ ತನ್ನ 18ನೇ ನಿರ್ಬಂಧ ಪ್ಯಾಕೇಜನ್ನು ಅಂಗೀಕರಿಸಿತ್ತು ಮತ್ತು ಅದರ ಪಟ್ಟಿಯಲ್ಲಿ ನಯಾರಾದ ಹೆಸರಿತ್ತು.

ಇಲ್ಲಿ ಗಮನಿಸಬೇಕಾದ ಸಂಗತಿಯೆಂದರೆ ಮೈಕ್ರೋಸಾಫ್ಟ್ ಅಮೆರಿಕದ ಕಂಪನಿ, ಗ್ರಾಹಕ ಭಾರತದ ಕಂಪನಿ, ಸೇವೆ ಸಲ್ಲುತ್ತಿದ್ದುದು ಭಾರತದಲ್ಲಿ. ಆ ದಿನ ಅಮೆರಿಕದ ಕಾನೂನಿನಲ್ಲಾಗಲಿ ಭಾರತದ ಕಾನೂನಿನಲ್ಲಾಗಲಿ ನಯಾರಾದೊಡನೆ ವ್ಯವಹರಿಸಬಾರದೆಂಬ ಯಾವ ಆದೇಶವೂ ಇರಲಿಲ್ಲ. ವಿಶ್ವಸಂಸ್ಥೆಯ ಭದ್ರತಾ ಮಂಡಳಿಯ ನಿರ್ಣಯವಂತೂ ಇರಲೇ ಇಲ್ಲ. ಹೀಗಿದ್ದೂ ಒಕ್ಕೂಟದ ಕೇಂದ್ರವಾದ ಬ್ರಸೆಲ್ಸ್‌ನಲ್ಲಿ ಹೊರಟ ಆದೇಶ ಗುಜರಾತಿನ ವಾಡಿನಾರ್‌ನಲ್ಲಿರುವ ನಯಾರಾದ ಕಂಪ್ಯೂಟರ್‌ವರೆಗೆ ತಲುಪಿತು. ಅದನ್ನು ತಲುಪಿಸಿದ್ದು ಸರ್ಕಾರಗಳಲ್ಲ, ಖಾಸಗಿ ಕಂಪನಿಗಳ ಅನುಪಾಲನಾ ವಿಭಾಗಗಳು, ಅಂದರೆ ಕಂಪನಿ ಕಾನೂನು ಮೀರದಂತೆ ನೋಡಿಕೊಳ್ಳುವ ವಿಭಾಗಗಳು. ತಂತ್ರಾಂಶ, ಹಡಗು, ವಿಮೆ, ಬ್ಯಾಂಕು, ಕಚ್ಚಾ ತೈಲ ಮಾರಾಟ ಎಂಬ ಬೇರೆಬೇರೆ ಉದ್ಯಮಗಳು ಒಂದೇ ಆದೇಶವನ್ನು ಹೇಗೆ ಬೇರೆಬೇರೆಯಾಗಿ ಓದಿಕೊಂಡವು, ಯಾಕೆ ಓದಿಕೊಂಡವು, ಅದರ ಫಲವೇನಾಯಿತು ಎಂಬುದನ್ನು ನೋಡುವುದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ಇತ್ತೀಚೆಗೆ ಸಿಕ್ಕಿಲ್ಲ. ರಷ್ಯಾದ ತೈಲವನ್ನು ಭಾರತ ಕೊಳ್ಳಬೇಕೇ ಬೇಡವೇ ಎಂಬ ಚರ್ಚೆಯನ್ನು ಈ ಬರಹ ಬದಿಗಿಟ್ಟಿದೆ.

ಕಂಪನಿ ಮತ್ತು ಅದರ ಒಡೆತನ

ಜಾಮ್‌ನಗರದ ಸಮೀಪ ಕಛ್ ಕೊಲ್ಲಿಯ ದಡದಲ್ಲಿರುವ ವಾಡಿನಾರ್ ಸಂಸ್ಕರಣಾಗಾರದ ಸಾಮರ್ಥ್ಯ ವರ್ಷಕ್ಕೆ 2 ಕೋಟಿ ಟನ್, ಅಂದರೆ ದಿನಕ್ಕೆ ಸುಮಾರು 4 ಲಕ್ಷ ಬ್ಯಾರೆಲ್. ಇದು ಮೊದಲು ಎಸ್ಸಾರ್ ಆಯಿಲ್‌ನದಾಗಿತ್ತು. 2017ರಲ್ಲಿ ರಷ್ಯಾ ಸರ್ಕಾರದ ಹಿಡಿತದಲ್ಲಿರುವ ರಾಸ್‌ನೆಫ್ಟ್ ಒಂದು ಕಡೆಯಿಂದಲೂ, ಸರಕು ವ್ಯಾಪಾರ ಕಂಪನಿ ಟ್ರಾಫಿಗುರಾ ಹಾಗೂ ರಷ್ಯಾದ ಹೂಡಿಕೆ ಸಂಸ್ಥೆ ಯುಸಿಪಿ ಸೇರಿದ ಹೂಡಿಕೆ ಕೂಟ ಇನ್ನೊಂದು ಕಡೆಯಿಂದಲೂ ಒಟ್ಟು ಸುಮಾರು 1,290 ಕೋಟಿ ಡಾಲರ್‌ಗೆ ಇದನ್ನು ಕೊಂಡವು. ಮರುವರ್ಷ ಹೆಸರು ನಯಾರಾ ಎಂದು ಬದಲಾಯಿತು. ಟ್ರಾಫಿಗುರಾ ಆಮೇಲೆ ತನ್ನ ಪಾಲನ್ನು ಮಾರಿ ಹೊರನಡೆಯಿತು. ರಾಸ್‌ನೆಫ್ಟ್‌ನ ಪಾಲು ಶೇ 49.13, ಹೂಡಿಕೆ ಕೂಟದ ಕೇಸಾನಿ ಎಂಟರ್‌ಪ್ರೈಸಸ್‌ನ ಪಾಲೂ ಶೇ 49.13, ಉಳಿದದ್ದು ಚಿಲ್ಲರೆ ಷೇರುದಾರರದು. ಈ 49.13 ಎಂಬ ಅಂಕಿಯನ್ನು ಓದುಗರು ನೆನಪಿನಲ್ಲಿಟ್ಟುಕೊಳ್ಳಬೇಕು, ಏಕೆಂದರೆ ಮುಂದೆ ಅಮೆರಿಕದ ಸರದಿ ಬಂದಾಗ ಇಡೀ ಕಂಪನಿಯ ಹಣೆಬರಹ ಈ ದಶಾಂಶದ ಮೇಲೆಯೇ ನಿಂತಿತು.

ಒಕ್ಕೂಟದ 18ನೇ ಪ್ಯಾಕೇಜ್ ನಯಾರಾಕ್ಕಷ್ಟೇ ಸೀಮಿತವಾಗಿರಲಿಲ್ಲ. ರಷ್ಯಾದ ಕಚ್ಚಾ ತೈಲದ ಬೆಲೆಮಿತಿಯನ್ನು ಬ್ಯಾರೆಲ್‌ಗೆ 60 ಡಾಲರ್‌ನಿಂದ 47.6 ಡಾಲರ್‌ಗೆ ಇಳಿಸಲಾಯಿತು, ಇನ್ನೂ 105 ಹಡಗುಗಳನ್ನು ಪಟ್ಟಿಗೆ ಸೇರಿಸಲಾಯಿತು, ರಷ್ಯಾದ ಕಚ್ಚಾ ತೈಲದಿಂದ ಮೂರನೇ ದೇಶದಲ್ಲಿ ತಯಾರಾದ ಡೀಸೆಲ್, ವಿಮಾನ ಇಂಧನ ಇತ್ಯಾದಿಗಳ ಆಮದಿನ ಮೇಲೆ 2026ರ ಜನವರಿ 21ರಿಂದ ನಿಷೇಧ ಹೇರಲಾಯಿತು. ನಯಾರಾವನ್ನು ಸೇರಿಸಿದ್ದಕ್ಕೆ ಕೊಟ್ಟ ಕಾರಣದ ತಿರುಳು ರಾಸ್‌ನೆಫ್ಟ್‌ನ ಒಡೆತನ. ತನ್ನ ಪಾಲು ಅರ್ಧಕ್ಕಿಂತ ಕಡಿಮೆಯೆಂದೂ, ಕಂಪನಿಯನ್ನು ಸ್ವತಂತ್ರ ಮಂಡಳಿ ನಡೆಸುತ್ತಿದೆಯೆಂದೂ, ಷೇರುದಾರರು ಈವರೆಗೆ ಲಾಭಾಂಶವನ್ನೇ ಪಡೆದಿಲ್ಲವೆಂದೂ ರಾಸ್‌ನೆಫ್ಟ್ ಪ್ರತಿಪಾದಿಸಿತು. ಯಾವುದೇ ಏಕಪಕ್ಷೀಯ ನಿರ್ಬಂಧಕ್ಕೆ ಭಾರತ ಬದ್ಧವಲ್ಲ, ಇಂಧನ ವ್ಯಾಪಾರದ ವಿಷಯದಲ್ಲಿ ಎರಡು ಅಳತೆಗೋಲು ಸಲ್ಲದು ಎಂದು ನಮ್ಮ ವಿದೇಶಾಂಗ ಸಚಿವಾಲಯ ಅದೇ ದಿನ ಹೇಳಿತು.

ಆದೇಶದಲ್ಲಿ ಇರುವುದೇನು

ಹೀಗೆ ಪಟ್ಟಿಗೆ ಸೇರಿದವರಿಗೆ ಅನ್ವಯಿಸುವ ಮೂಲ ಕಾನೂನು ಒಕ್ಕೂಟದ 2014ರ 269ನೇ ನಿಯಮಾವಳಿ. ಅದರ 2ನೇ ವಿಧಿ ಎರಡು ಮಾತು ಹೇಳುತ್ತದೆ: ಪಟ್ಟಿಯಲ್ಲಿರುವವರ ಹಣವನ್ನೂ ಆರ್ಥಿಕ ಸಂಪನ್ಮೂಲವನ್ನೂ ಸ್ತಂಭನಗೊಳಿಸಬೇಕು; ಅವರಿಗೆ ನೇರವಾಗಿಯಾಗಲಿ ಸುತ್ತುಬಳಸಿಯಾಗಲಿ ಹಣವನ್ನೂ ಆರ್ಥಿಕ ಸಂಪನ್ಮೂಲವನ್ನೂ ಒದಗಿಸಬಾರದು. ಆರ್ಥಿಕ ಸಂಪನ್ಮೂಲ ಎಂಬುದರ ವ್ಯಾಖ್ಯೆ ಬಹಳ ವಿಶಾಲವಾದದ್ದು. ಮೂರ್ತವಾಗಿರಲಿ ಅಮೂರ್ತವಾಗಿರಲಿ, ಹಣವಲ್ಲದ ಆದರೆ ಹಣ, ಸರಕು ಅಥವಾ ಸೇವೆಯನ್ನು ಪಡೆಯಲು ಬಳಸಬಹುದಾದ ಯಾವುದೇ ಆಸ್ತಿ ಅದರೊಳಗೆ ಬರುತ್ತದೆ. ಇಮೇಲ್ ಪೆಟ್ಟಿಗೆ ಅಂಥ ಆಸ್ತಿಯೇ? ವಕೀಲರು ಎರಡೂ ಕಡೆಯಿಂದ ವಾದಿಸಬಲ್ಲರು, ಅನುಪಾಲನಾ ಅಧಿಕಾರಿಗೆ ಆ ಐಷಾರಾಮವಿಲ್ಲ.

ಯಾರು ಬದ್ಧರು ಎಂಬುದನ್ನು 17ನೇ ವಿಧಿ ಹೇಳುತ್ತದೆ. ಒಕ್ಕೂಟದ ನೆಲದಲ್ಲಿ ನಡೆಯುವುದೆಲ್ಲಕ್ಕೂ, ಲೋಕದಲ್ಲಿ ಎಲ್ಲೇ ಇದ್ದರೂ ಒಕ್ಕೂಟದ ಪ್ರಜೆಗಳಿಗೂ, ಒಕ್ಕೂಟದ ದೇಶವೊಂದರ ಕಾನೂನಿನಡಿ ಸ್ಥಾಪನೆಯಾದ ಸಂಸ್ಥೆಗಳಿಗೂ, ಪೂರ್ತಿಯಾಗಿಯೋ ಭಾಗಶಃವೋ ಒಕ್ಕೂಟದೊಳಗೆ ನಡೆಯುವ ಯಾವುದೇ ವ್ಯವಹಾರಕ್ಕೂ ನಿಯಮ ಅನ್ವಯಿಸುತ್ತದೆ. ಆದ್ದರಿಂದ ಫ್ರಾನ್ಸ್ ಅಥವಾ ಜರ್ಮನಿಯ ಬ್ಯಾಂಕೊಂದರ ಮುಂಬೈ ಶಾಖೆ ಬದ್ಧ, ಏಕೆಂದರೆ ಶಾಖೆಗೆ ಪ್ರತ್ಯೇಕ ಕಾನೂನು ಅಸ್ತಿತ್ವವಿಲ್ಲ. ಆದರೆ ಐರೋಪ್ಯ ಕಂಪನಿಯೊಂದು ಭಾರತದ ಕಂಪನಿ ಕಾಯ್ದೆಯಡಿ ಸ್ಥಾಪಿಸಿದ ಅಂಗಸಂಸ್ಥೆ ನೇರವಾಗಿ ಬದ್ಧವಲ್ಲ. ಅಲ್ಲಿ ಕೂತಿರುವ ಇಟಲಿಯ ಪ್ರಜೆ ಮಾತ್ರ ಬದ್ಧ. ನಯಾರಾದ ಮುಖ್ಯಸ್ಥರಾಗಿದ್ದ ಅಲೆಸಾಂದ್ರೊ ದೆ ದೊರಿದೆಸ್ ಇಟಲಿಯವರು. ನಿರ್ಬಂಧ ಬಿದ್ದ ವಾರದೊಳಗೇ ಅವರು ಹುದ್ದೆ ಬಿಟ್ಟರು, ಸೆರ್ಗೆ ಡೆನಿಸೊವ್ ಆ ಜಾಗಕ್ಕೆ ಬಂದರು.

ಈ ನಿಯಮಾವಳಿಯಲ್ಲಿ ಹೊರಗಿನವರು ಅಷ್ಟಾಗಿ ಗಮನಿಸದ ಇನ್ನೆರಡು ವಿಧಿಗಳಿವೆ, ನನ್ನ ಲೆಕ್ಕದಲ್ಲಿ ಇಡೀ ಪ್ರಕರಣದ ಕೀಲಿ ಅಲ್ಲಿದೆ. 10ನೇ ವಿಧಿಯ ಪ್ರಕಾರ, ನಿಯಮಕ್ಕೆ ಅನುಗುಣವಾಗಿದೆ ಎಂಬ ಸದ್ಭಾವನೆಯಿಂದ ಒಬ್ಬರು ಹಣವನ್ನೋ ಸಂಪನ್ಮೂಲವನ್ನೋ ತಡೆಹಿಡಿದರೆ, ಅವರ ನಿರ್ಲಕ್ಷ್ಯ ಸಾಬೀತಾಗದ ಹೊರತು, ಅದರಿಂದಾದ ನಷ್ಟಕ್ಕೆ ಅವರು ಹೊಣೆಗಾರರಲ್ಲ. 11ನೇ ವಿಧಿಯ ಪ್ರಕಾರ, ನಿರ್ಬಂಧದಿಂದ ಬಾಧಿತವಾದ ಒಪ್ಪಂದದ ಸಂಬಂಧ ಪಟ್ಟಿಯಲ್ಲಿರುವವರು ಹೂಡುವ ಪರಿಹಾರದ ಬೇಡಿಕೆಯನ್ನು ಮನ್ನಿಸುವಂತಿಲ್ಲ. ಇದಕ್ಕೆ ಎದುರಾಗಿ, ಒದಗಿಸಬಾರದ್ದನ್ನು ಒದಗಿಸಿದರೆ ಏನಾಗುತ್ತದೆ? ನಿರ್ಬಂಧ ಉಲ್ಲಂಘನೆಯನ್ನು ಅಪರಾಧವೆಂದು ಪರಿಗಣಿಸಬೇಕೆಂಬ 2024ರ ನಿರ್ದೇಶನವನ್ನು ಸದಸ್ಯ ದೇಶಗಳು 2025ರ ಮೇ 20ರೊಳಗೆ ತಮ್ಮ ಕಾನೂನಿಗೆ ಇಳಿಸಿಕೊಳ್ಳಬೇಕಿತ್ತು. ಅದರಂತೆ ಗಂಭೀರ ಉಲ್ಲಂಘನೆಗೆ ಕಂಪನಿಯೊಂದರ ಮೇಲೆ ವಿಧಿಸಬಹುದಾದ ಗರಿಷ್ಠ ದಂಡ ಅದರ ಜಾಗತಿಕ ವಹಿವಾಟಿನ ಶೇ 5 ಅಥವಾ 4 ಕೋಟಿ ಯೂರೊಗಿಂತ ಕಡಿಮೆ ಇರಕೂಡದು. ನಯಾರಾದ ಹೆಸರು ಪಟ್ಟಿಗೆ ಬಂದದ್ದು ಆ ಗಡುವು ಮುಗಿದ ಎರಡೇ ತಿಂಗಳಿಗೆ. ಕೊಡದಿದ್ದರೆ ರಕ್ಷಣೆ, ಕೊಟ್ಟರೆ ಶಿಕ್ಷೆ: ಕಾನೂನೇ ತಕ್ಕಡಿಯನ್ನು ಒಂದು ಕಡೆಗೆ ವಾಲಿಸಿಟ್ಟಿರುವಾಗ, ಅಧಿಕಾರಿ ಯಾವ ಗುಂಡಿ ಒತ್ತುತ್ತಾನೆಂದು ಊಹಿಸಲು ವಿಶೇಷ ಜಾಣ್ಮೆ ಬೇಕಿಲ್ಲ.

ತಂತ್ರಾಂಶ ಉದ್ಯಮ: ಹಳೆಯ ಬರೆ, ಹೊಸ ಎಚ್ಚರ

ಮೈಕ್ರೋಸಾಫ್ಟ್ ಒಕ್ಕೂಟದ ನಿರ್ಬಂಧವನ್ನು ತನಗೆ ತೋಚಿದಂತೆ ಏಕಪಕ್ಷೀಯವಾಗಿ ವ್ಯಾಖ್ಯಾನಿಸಿದೆ ಎಂಬುದು ನಯಾರಾದ ದೂರಾಗಿತ್ತು. ಆ ಕಂಪನಿಯ ಒಳಗೆ ಏನು ಚರ್ಚೆ ನಡೆಯಿತೆಂಬುದು ಹೊರಗೆ ಬಂದಿಲ್ಲ. ಆದರೆ ಅದರ ಹಿಂದಿನ ಅನುಭವ ಸಾರ್ವಜನಿಕ ದಾಖಲೆಯಲ್ಲಿದೆ, ಅದನ್ನು ಓದದೆ ಈ ಘಟನೆ ಅರ್ಥವಾಗುವುದಿಲ್ಲ.

2023ರ ಏಪ್ರಿಲ್‌ನಲ್ಲಿ ಮೈಕ್ರೋಸಾಫ್ಟ್ ಅಮೆರಿಕದ ಖಜಾನೆ ಇಲಾಖೆಯ ವಿದೇಶಿ ಆಸ್ತಿ ನಿಯಂತ್ರಣ ಕಚೇರಿಗೆ, ಅಂದರೆ ಎಲ್ಲರೂ ಒಫ್ಯಾಕ್ ಎಂದು ಕರೆಯುವ ಕಚೇರಿಗೆ, ಸುಮಾರು 29.8 ಲಕ್ಷ ಡಾಲರ್ ಕೊಟ್ಟು 1,339 ಆಪಾದಿತ ಉಲ್ಲಂಘನೆಗಳನ್ನು ಇತ್ಯರ್ಥ ಮಾಡಿಕೊಂಡಿತು. ವಾಣಿಜ್ಯ ಇಲಾಖೆಗೆ ಕೊಟ್ಟದ್ದೂ ಸೇರಿ ಒಟ್ಟು ಮೊತ್ತ 33 ಲಕ್ಷ ಡಾಲರ್ ದಾಟಿತು. 2012ರಿಂದ 2019ರ ನಡುವೆ ಕ್ಯೂಬಾ, ಇರಾನ್, ಸಿರಿಯಾ, ರಷ್ಯಾ ಹಾಗೂ ಕ್ರಿಮಿಯಾದ ನಿರ್ಬಂಧಿತರಿಗೆ ಅದರ ತಂತ್ರಾಂಶವೂ ಸೇವೆಯೂ ತಲುಪಿದ್ದವು. ಮಾರಾಟ ನೇರವಾಗಿರಲಿಲ್ಲ. ನಡುವೆ ಪರವಾನಗಿ ಮಾರುವ ಮಧ್ಯವರ್ತಿಗಳಿದ್ದರು, ಕೊನೆಯ ಗ್ರಾಹಕ ಯಾರೆಂಬ ಪೂರ್ತಿ ಮಾಹಿತಿ ಮೈಕ್ರೋಸಾಫ್ಟ್‌ಗೆ ಎಷ್ಟೋ ಸಲ ಸಿಗುತ್ತಿರಲಿಲ್ಲ. ಸಿಕ್ಕಿದಾಗಲೂ ಹೆಸರು, ವಿಳಾಸ, ತೆರಿಗೆ ಸಂಖ್ಯೆಗಳು ಬೇರೆಬೇರೆ ದತ್ತಾಂಶಗಳಲ್ಲಿ ಚದುರಿದ್ದವು, ಒಂದನ್ನೊಂದು ಕೂಡಿಸಿ ನೋಡುವ ವ್ಯವಸ್ಥೆ ಇರಲಿಲ್ಲ. ಸಿರಿಲಿಕ್ ಲಿಪಿಯಲ್ಲಿ ಬರೆದ ರಷ್ಯನ್ ಹೆಸರುಗಳನ್ನು ರೋಮನ್ ಲಿಪಿಯ ಪಟ್ಟಿಯೊಡನೆ ಹೋಲಿಸುವ ಜರಡಿ ಅವನ್ನು ಹಿಡಿಯಲಿಲ್ಲ. ದಂಡ ಮೈಕ್ರೋಸಾಫ್ಟ್‌ನಂಥ ಕಂಪನಿಗೆ ಕಾಸಿನ ಲೆಕ್ಕವೇ ಸರಿ, ಆದರೂ ಒಂದು ಸಲ ಇಂಥ ಇತ್ಯರ್ಥಕ್ಕೆ ಸಹಿ ಹಾಕಿದ ಕಂಪನಿಯ ಅನುಪಾಲನಾ ವಿಭಾಗ ಆಮೇಲೆ ಬೇರೆಯೇ ರೀತಿಯಲ್ಲಿ ಯೋಚಿಸುತ್ತದೆ. ಜೊತೆಗೆ ಐರ್ಲೆಂಡ್‌ನಲ್ಲಿ ಅದಕ್ಕೆ ದೊಡ್ಡ ಅಂಗಸಂಸ್ಥೆಯಿದೆ, ಒಕ್ಕೂಟದ ದೇಶಗಳಲ್ಲಿ ಸಾವಿರಾರು ನೌಕರರಿದ್ದಾರೆ. ಕ್ಲೌಡ್‌ನಲ್ಲಿ, ಅಂದರೆ ದೂರದ ಸರ್ವರ್‌ಗಳಲ್ಲಿ ನಡೆಯುವ ಸೇವೆಯೊಂದರಲ್ಲಿ ಯಾವ ತಂತ್ರಜ್ಞ ಯಾವ ದೇಶದಲ್ಲಿ ಕೂತು ಯಾವ ಯಂತ್ರವನ್ನು ಮುಟ್ಟುತ್ತಾನೆ ಎಂಬುದನ್ನು ನಾಲ್ಕು ದಿನದಲ್ಲಿ ಬಿಡಿಸಿ ನೋಡುವುದು ಸುಲಭವಲ್ಲ.

ಕಷ್ಟ ಎಂಬುದು ವಿವರಣೆಯೇ ಹೊರತು ಸಮರ್ಥನೆಯಲ್ಲ. ಜುಲೈ 28ರಂದು ನಯಾರಾ ದೆಹಲಿ ಹೈಕೋರ್ಟ್‌ಗೆ ಹೋಗಿರುವುದಾಗಿ ಪ್ರಕಟಿಸಿತು. ಜುಲೈ 30ಕ್ಕೆ ಸೇವೆ ಮರಳಿ ಬಂತು, ಅರ್ಜಿಯನ್ನು ಹಿಂಪಡೆಯಲಾಯಿತು. ಆ ಎರಡು ದಿನಗಳಲ್ಲಿ ಒಕ್ಕೂಟದ ಕಾನೂನು ಒಂದಕ್ಷರವೂ ಬದಲಾಗಿರಲಿಲ್ಲ. ಹಾಗಾದರೆ 22ರಂದು ನಿಷಿದ್ಧವೆಂದು ಕಂಡದ್ದು 30ರಂದು ಅನುಮತವಾದದ್ದು ಹೇಗೆ? ನನಗೆ ತೋರುವ ಉತ್ತರ ಇಷ್ಟೆ: ಮೊದಲ ನಿರ್ಧಾರವನ್ನು ಅಪಾಯದ ಅಂದಾಜಿನ ಮೇಲೆ ತೆಗೆದುಕೊಳ್ಳಲಾಗಿತ್ತು, ಕಾನೂನಿನ ಓದಿನ ಮೇಲಲ್ಲ, ಭಾರತದ ನ್ಯಾಯಾಲಯವೊಂದು ತಡೆಯಾಜ್ಞೆ ಕೊಡಬಹುದೆಂಬ ಎರಡನೇ ಅಪಾಯ ಎದುರು ನಿಂತಾಗ ಅಂದಾಜು ಬದಲಾಯಿತು.

ಜರಡಿಯ ಮುಂದೆ ಕೂತವರು

ಪಟ್ಟಿ ಪ್ರಕಟವಾದ ಮೇಲೆ ಅದು ಕಾರ್ಯರೂಪಕ್ಕೆ ಬರುವ ಜಾಗವನ್ನು ಹತ್ತಿರದಿಂದ ನೋಡಬೇಕೆಂದರೆ ಬ್ರಸೆಲ್ಸ್‌ಗೆ ಹೋಗಬೇಕಿಲ್ಲ, ಬೆಂಗಳೂರಿನ ಹೊರವರ್ತುಲ ರಸ್ತೆ ಸಾಕು. ಹಲವು ವಿದೇಶಿ ಬ್ಯಾಂಕುಗಳು ತಮ್ಮ ನಿರ್ಬಂಧ ತಪಾಸಣೆಯ ಕೆಲಸವನ್ನು ಇಲ್ಲಿನ ತಮ್ಮ ಕಚೇರಿಗಳಿಂದಲೇ ಮಾಡಿಸುತ್ತವೆ. ಪಟ್ಟಿ ಮಾರುವ ಸಂಸ್ಥೆಗಳಿಂದ ಹೊಸ ಹೆಸರುಗಳು ವ್ಯವಸ್ಥೆಯೊಳಗೆ ಸೇರುತ್ತಿದ್ದಂತೆ ಪಾವತಿಗಳ ಸಾಲಿನಿಂದ ಅಲರ್ಟ್‌ಗಳು ಏಳತೊಡಗುತ್ತವೆ. ವಿಶ್ಲೇಷಕರ ಪರದೆಯ ಒಂದು ಬದಿಯಲ್ಲಿ ಪಾವತಿಯ ವಿವರವಿರುತ್ತದೆ, ಅಂದರೆ ಕಳಿಸಿದವರು, ಪಡೆಯುವವರು, ಮೊತ್ತ, ಷರಾ. ಇನ್ನೊಂದು ಬದಿಯಲ್ಲಿ ಪಟ್ಟಿಯ ನಮೂದು, ನಡುವೆ ಎರಡು ಹೆಸರುಗಳು ಶೇಕಡಾ ಎಷ್ಟು ಹೊಂದುತ್ತವೆ ಎಂಬ ಅಂಕ. ಹೊಂದಿಕೆ ಸುಳ್ಳೆಂದು ಕಂಡರೆ ಬಿಡುಗಡೆ, ನಿಜವಿರಬಹುದೆನಿಸಿದರೆ ಮೇಲಿನ ಹಂತಕ್ಕೆ.

ಭಾರತದಲ್ಲಿ ನಯಾರಾ ಎಂಬ ಅಕ್ಷರಗಳು ಪಾವತಿಯ ಷರಾದಲ್ಲಿ ಕಾಣಿಸಿಕೊಳ್ಳುವ ಬಗೆಗಳನ್ನು ಎಣಿಸಿ ನೋಡಿ. ಹೆದ್ದಾರಿ ಬದಿಯ ಬಂಕ್‌ಗೆ ಲಾರಿ ಮಾಲೀಕ ಡೀಸೆಲ್‌ಗೆ ಕೊಟ್ಟ ಹಣ, ಬಂಕ್ ಡೀಲರ್ ಪಡೆದ ಸಾಲದ ಕಂತು, ಪಾಲಿಪ್ರೊಪಿಲೀನ್ ಕೊಂಡ ಪ್ಲಾಸ್ಟಿಕ್ ಕಾರ್ಖಾನೆಯ ಬಿಲ್ಲು, ಕಂಪನಿಯ ಮಾಜಿ ನೌಕರನೊಬ್ಬ ಹೊರದೇಶಕ್ಕೆ ಕಳಿಸುವ ಮಗಳ ಕಾಲೇಜು ಶುಲ್ಕದೊಡನೆ ಲಗತ್ತಿಸಿದ ಹಳೆಯ ಸಂಬಳದ ಚೀಟಿ, ಕೊನೆಗೆ ನಯರಾ ಎಂದು ಮಗುವಿಗೆ ಹೆಸರಿಟ್ಟ ತಂದೆತಾಯಿಯ ಉಳಿತಾಯ ಖಾತೆ. ಇವುಗಳಲ್ಲಿ ಯಾವುದು ಪಟ್ಟಿಯಲ್ಲಿರುವ ಕಂಪನಿಗೆ ಸಂಪನ್ಮೂಲ ಒದಗಿಸಿದಂತಾಗುತ್ತದೆ? ಬಂಕ್ ಡೀಲರ್ ಸ್ವತಂತ್ರ ವ್ಯಾಪಾರಿ, ಆದರೆ ಅವನು ಕಟ್ಟುವ ಹಣ ಕೊನೆಗೆ ಹೋಗುವುದು ನಯಾರಾಕ್ಕೇ. ಐರೋಪ್ಯ ಬ್ಯಾಂಕಿನ ಪರವಾಗಿ ತಪಾಸಣೆ ಮಾಡುವ ಹುಡುಗಿ ಅದನ್ನು ತಡೆಯಬೇಕು. ಭಾರತೀಯ ಬ್ಯಾಂಕಿನ ಪರವಾಗಿ ಮಾಡುವವಳು ತಡೆಯಬೇಕಿಲ್ಲ. ಇಬ್ಬರೂ ಬಳಸುವ ತಂತ್ರಾಂಶ ಒಂದೇ ಇರಬಹುದು, ಅದರಲ್ಲಿ ವಿಶ್ವಸಂಸ್ಥೆ, ಒಕ್ಕೂಟ, ಅಮೆರಿಕ, ಬ್ರಿಟನ್‌ಗಳ ಪಟ್ಟಿಗಳೆಲ್ಲ ಒಂದೇ ರಾಶಿಯಾಗಿ ಬಿದ್ದಿರಬಹುದು. ಯಾವ ಪಟ್ಟಿಗೆ ನಮ್ಮ ಸಂಸ್ಥೆ ಬದ್ಧ, ಯಾವುದು ಬರೀ ಮಾಹಿತಿಗಾಗಿ ಎಂಬ ಗೆರೆಯನ್ನು ವ್ಯವಸ್ಥೆಯೊಳಗೆ ಎಳೆಯದಿದ್ದರೆ ತಪಾಸಣೆಯ ಮೇಜಿನಲ್ಲಿರುವವರು ಎಲ್ಲವನ್ನೂ ತಡೆಯುತ್ತಾರೆ, ಅದಕ್ಕೆ ಅವರನ್ನು ದೂರುವಂತೆಯೂ ಇಲ್ಲ.

ಹಡಗು, ವಿಮೆ, ಬ್ಯಾಂಕು

ಹಡಗು ಉದ್ಯಮದಲ್ಲಿ ನಿರ್ಧಾರ ಹಡಗಿನ ಮಾಲೀಕನ ಕೈಯಲ್ಲಿ ಅರ್ಧ, ಅವನ ವಿಮಾದಾರನ ಕೈಯಲ್ಲಿ ಅರ್ಧ ಇರುತ್ತದೆ. ಸಾಗರದಲ್ಲಿ ಓಡುವ ಹಡಗುಗಳ ಸುಮಾರು ಶೇ 90ರಷ್ಟು ಟನ್ನೇಜಿಗೆ ಹೊಣೆಗಾರಿಕೆ ವಿಮೆ ಕೊಡುವ, ಹಡಗು ಮಾಲೀಕರೇ ಸೇರಿ ಕಟ್ಟಿಕೊಂಡ ಹನ್ನೆರಡು ಪರಸ್ಪರ ವಿಮಾ ಸಂಘಗಳ ಕೂಟವಿದೆ. ಅವು ಬಹುಪಾಲು ಬ್ರಿಟನ್ ಮತ್ತು ಉತ್ತರ ಯುರೋಪಿನ ಹಿನ್ನೆಲೆಯವು. ವಿಮೆ ಹೋದರೆ ಬಂದರಿಗೆ ಪ್ರವೇಶವಿಲ್ಲ, ಬ್ಯಾಂಕಿನ ಸಾಲದ ಷರತ್ತು ಮುರಿದಂತಾಗುತ್ತದೆ. ಹೀಗಾಗಿ ಭಾರತದ ಧ್ವಜದಡಿ ಭಾರತದ ಒಂದು ಬಂದರಿನಿಂದ ಇನ್ನೊಂದಕ್ಕೆ ಇಂಧನ ಒಯ್ಯುವ ದೇಶೀಯ ಹಡಗು ಕಂಪನಿಗಳೇ ನಯಾರಾದ ಗುತ್ತಿಗೆಯಿಂದ ಬಿಡುಗಡೆ ಕೋರಿದವೆಂದು ಆ ದಿನಗಳಲ್ಲಿ ವರದಿಯಾಯಿತು. ಸರಕು ತುಂಬಿಕೊಳ್ಳಲು ವಾಡಿನಾರ್‌ಗೆ ಬರುತ್ತಿದ್ದ ವಿದೇಶಿ ಟ್ಯಾಂಕರ್ ಖಾಲಿಯಾಗಿಯೇ ದಾರಿ ಬದಲಿಸಿತು. ತಯಾರಾದ ಸರಕು ಹೊರಹೋಗದೆ ತೊಟ್ಟಿಗಳು ತುಂಬಿದಂತೆ ಸಂಸ್ಕರಣಾಗಾರ ತನ್ನ ಉತ್ಪಾದನೆಯನ್ನು ಇಳಿಸಬೇಕಾಯಿತು. ಖಾಲಿಯಾದ ಜಾಗವನ್ನು ತುಂಬಿದ್ದು ಆಗಲೇ ಒಕ್ಕೂಟದ ಪಟ್ಟಿಯಲ್ಲಿದ್ದ ಹಡಗುಗಳು. ಕಳೆದುಕೊಳ್ಳಲು ಏನೂ ಉಳಿಯದವರಿಗೆ ಹೊಸ ನಿರ್ಬಂಧದ ಹೆದರಿಕೆ ಎಲ್ಲಿಯದು?

ಬ್ಯಾಂಕುಗಳ ಕತೆ ಚಿಕ್ಕದು. ಸಾರ್ವಜನಿಕ ವಲಯದ ದೊಡ್ಡ ಬ್ಯಾಂಕೊಂದು ನಯಾರಾದ ವಿದೇಶಿ ವಿನಿಮಯ ವ್ಯವಹಾರಗಳನ್ನು ನಿಲ್ಲಿಸಿತೆಂದು ವರದಿಯಾಯಿತು. ಸರ್ಕಾರ ಏಕಪಕ್ಷೀಯ ನಿರ್ಬಂಧವನ್ನು ಮಾನ್ಯ ಮಾಡುವುದಿಲ್ಲ ಎಂದ ಮೇಲೂ ಸರ್ಕಾರದ ಒಡೆತನದ ಬ್ಯಾಂಕು ಹಿಂಜರಿಯುವುದು ವಿಚಿತ್ರವಾಗಿ ಕಾಣಬಹುದು. ಆದರೆ ಯೂರೊ ಪಾವತಿ ಫ್ರಾಂಕ್‌ಫರ್ಟ್‌ನ ಹಾಗೂ ಡಾಲರ್ ಪಾವತಿ ನ್ಯೂಯಾರ್ಕ್‌ನ ಪ್ರತಿನಿಧಿ ಬ್ಯಾಂಕಿನ ಮೂಲಕವೇ ಸಾಗಬೇಕು, ಆ ಸಂಬಂಧ ಮುರಿದರೆ ನಷ್ಟ ಒಬ್ಬ ಗ್ರಾಹಕನದಲ್ಲ, ಎಲ್ಲರದು. ನಯಾರಾ ತನ್ನ ನಾಫ್ತಾ ಮಾರಾಟದ ಟೆಂಡರಿನಲ್ಲಿ ಮುಂಗಡ ಹಣ ಅಥವಾ ಬ್ಯಾಂಕಿನ ಸಾಲಪತ್ರ (ಲೆಟರ್ ಆಫ್ ಕ್ರೆಡಿಟ್) ಬೇಕೆಂದು ಷರತ್ತು ಹಾಕಿದ್ದು ಈ ಹಿನ್ನೆಲೆಯಲ್ಲಿ.

ತಿರುಗುಬಾಣ

ಕಚ್ಚಾ ತೈಲದ ಪೂರೈಕೆಯಲ್ಲಿ ಆದದ್ದು ಇಡೀ ಪ್ರಕರಣದ ಅತ್ಯಂತ ವಿಪರ್ಯಾಸದ ಭಾಗ. ನಯಾರಾ ರಷ್ಯಾದ ತೈಲದ ಜೊತೆಗೆ ತಿಂಗಳಿಗೆ ಸುಮಾರು 20 ಲಕ್ಷ ಬ್ಯಾರೆಲ್ ಇರಾಕಿನಿಂದ, 10 ಲಕ್ಷ ಬ್ಯಾರೆಲ್ ಸೌದಿ ಅರೇಬಿಯಾದಿಂದ ತರಿಸುತ್ತಿತ್ತು. ಪಾವತಿಯ ದಾರಿ ತೊಡಕಾದ ಮೇಲೆ ಆ ಎರಡೂ ದೇಶಗಳ ಸರ್ಕಾರಿ ತೈಲ ಸಂಸ್ಥೆಗಳು ಮಾರಾಟ ನಿಲ್ಲಿಸಿದವು, ಆಗಸ್ಟ್ ತಿಂಗಳಲ್ಲಿ ವಾಡಿನಾರ್‌ಗೆ ಬಂದದ್ದು ರಷ್ಯಾದ ತೈಲ ಮಾತ್ರ ಎಂದು ರಾಯಿಟರ್ಸ್ ವರದಿ ಮಾಡಿತು. ರಷ್ಯಾದ ತೈಲದ ಆದಾಯವನ್ನು ಕುಗ್ಗಿಸಲೆಂದು ಹೊರಟ ಆದೇಶ ಒಂದು ಸಂಸ್ಕರಣಾಗಾರವನ್ನು ಭಾಗಶಃ ಗ್ರಾಹಕನ ಸ್ಥಾನದಿಂದ ಪೂರ್ಣ ಗ್ರಾಹಕನ ಸ್ಥಾನಕ್ಕೆ ತಳ್ಳಿತು. ಇರಾಕ್, ಸೌದಿಗಳ ಮಾರಾಟಗಾರರಿಗೆ ಒಕ್ಕೂಟದ ಕಾನೂನು ಅನ್ವಯಿಸುವುದಿಲ್ಲ. ಅವರು ಆದೇಶವನ್ನು ಪಾಲಿಸಲಿಲ್ಲ. ಪಾಲಿಸುವವರ ನಡುವೆ ಬದುಕಬೇಕಾದವರು ಮಾಡುವುದನ್ನು ಮಾಡಿದರು. ಕಟ್ಟುನಿಟ್ಟಾಗಿ ಬದ್ಧರಾದವರ ವರ್ತನೆಗಿಂತ ಹೀಗೆ ಅಂಚಿನಲ್ಲಿರುವವರ ವರ್ತನೆಯೇ ಒಂದು ನಿರ್ಬಂಧದ ನಿಜವಾದ ವ್ಯಾಪ್ತಿಯನ್ನು ನಿರ್ಧರಿಸುತ್ತದೆ, ಮತ್ತು ಆ ವ್ಯಾಪ್ತಿ ಆದೇಶ ಬರೆದವರ ಹತೋಟಿಯಲ್ಲೂ ಇರುವುದಿಲ್ಲ.

ಹೈಕೋರ್ಟ್ ಉತ್ತರಿಸದೆ ಬಿಟ್ಟ ಪ್ರಶ್ನೆಗಳು

ಅರ್ಜಿ ಹಿಂಪಡೆದದ್ದರಿಂದ ನಯಾರಾಕ್ಕೆ ಇಮೇಲ್ ಸಿಕ್ಕಿತು, ನಮಗೆ ತೀರ್ಪು ಸಿಗಲಿಲ್ಲ. ವಿದೇಶದ ಕಾನೂನನ್ನು ಕಾರಣವಾಗಿ ತೋರಿಸಿ ಭಾರತದಲ್ಲಿ ಜಾರಿಯಲ್ಲಿರುವ ಒಪ್ಪಂದವನ್ನು ನಿಲ್ಲಿಸಬಹುದೇ? 1872ರ ಭಾರತೀಯ ಕರಾರು ಕಾಯ್ದೆಯ 56ನೇ ಕಲಂ ಅಸಾಧ್ಯವಾದ ಅಥವಾ ಕಾನೂನುಬಾಹಿರವಾದ ಕೆಲಸದ ಒಪ್ಪಂದವನ್ನು ಶೂನ್ಯಗೊಳಿಸುತ್ತದೆ, ಆದರೆ ಬೇರೆ ದೇಶದ ದಂಡದ ಭಯ ಅಸಾಧ್ಯತೆಯಾಗಲಾರದು ಎಂದು ವಾದಿಸಲು ಸಾಕಷ್ಟು ಅವಕಾಶವಿದೆ. ಒಕ್ಕೂಟದ 10 ಮತ್ತು 11ನೇ ವಿಧಿಗಳು ಕೊಡುವ ರಕ್ಷಣೆ ಐರೋಪ್ಯ ನ್ಯಾಯಾಲಯಗಳಲ್ಲಿ ನಡೆಯುತ್ತದೆ, ದೆಹಲಿಯಲ್ಲಿ ನಡೆಯುವುದಿಲ್ಲ. ಹೀಗಾಗಿ ಭಾರತದಲ್ಲಿ ವ್ಯವಹರಿಸುವ ಜಾಗತಿಕ ಕಂಪನಿಗೆ ಕೊಡುವುದೂ ಅಪಾಯ, ಕೊಡದಿರುವುದೂ ಅಪಾಯ.

ವಿಶ್ವಸಂಸ್ಥೆಯ ನಿರ್ಬಂಧಗಳನ್ನು ಜಾರಿಮಾಡಲು ನಮ್ಮಲ್ಲಿ 1947ರ ಕಾಯ್ದೆಯೇ ಇದೆ. ಬೇರೆಯವರ ಏಕಪಕ್ಷೀಯ ನಿರ್ಬಂಧವನ್ನು ಪಾಲಿಸಬೇಡಿ ಎಂದು ಕಂಪನಿಗಳಿಗೆ ಆದೇಶಿಸುವ ಕಾಯ್ದೆ ಮಾತ್ರ ಇಲ್ಲ. ಅಂಥದ್ದು ಐರೋಪ್ಯ ಒಕ್ಕೂಟದಲ್ಲಿದೆ: ಕ್ಯೂಬಾ, ಇರಾನ್‌ಗಳ ಮೇಲಿನ ಅಮೆರಿಕದ ಕೆಲವು ನಿರ್ಬಂಧಗಳನ್ನು ತನ್ನ ಕಂಪನಿಗಳು ಪಾಲಿಸಕೂಡದೆಂದು ಅದು 1996ರಲ್ಲೇ ತಡೆ ನಿಯಮ ತಂದಿತ್ತು. ಚೀನಾ 2021ರಲ್ಲಿ ಅದೇ ಹಾದಿ ಹಿಡಿಯಿತು. ತಡೆ ಕಾನೂನುಗಳು ಹೆಚ್ಚೇನೂ ಸಾಧಿಸಿಲ್ಲ ಎಂಬುದು ನಿಜ. 2018ರಲ್ಲಿ ಅಮೆರಿಕವು ಇರಾನ್ ಜೊತೆಗಿನ ಪರಮಾಣು ಒಪ್ಪಂದದಿಂದ ಹೊರಬಂದಾಗ ಐರೋಪ್ಯ ಕಂಪನಿಗಳು ತಮ್ಮದೇ ಒಕ್ಕೂಟದ ತಡೆ ನಿಯಮವನ್ನು ಬದಿಗೊತ್ತಿ ಟೆಹರಾನ್ ಬಿಟ್ಟು ಹೊರಟವು. ಆದರೂ ಅಂಥ ಕಾನೂನು ಇದ್ದಾಗ ಕಂಪನಿಯ ವಕೀಲ ಕನಿಷ್ಠಪಕ್ಷ ಎರಡೂ ಕಡೆಯ ದಂಡವನ್ನು ಎದುರಿಟ್ಟು ನೋಡಬೇಕಾಗುತ್ತದೆ. ವಿದೇಶಾಂಗ ವಕ್ತಾರರ ಹೇಳಿಕೆ ಆ ಲೆಕ್ಕಕ್ಕೆ ಬರುವುದಿಲ್ಲ.

ಶೇ 49.13

2025ರ ಅಕ್ಟೋಬರ್ 15ರಂದು ಬ್ರಿಟನ್ ನಯಾರಾವನ್ನು ತನ್ನ ಪಟ್ಟಿಗೆ ಸೇರಿಸಿತು. ಒಂದು ವಾರದ ಬಳಿಕ, ಅಕ್ಟೋಬರ್ 22ರಂದು, ಅಮೆರಿಕವು ರಾಸ್‌ನೆಫ್ಟ್ ಮತ್ತು ರಷ್ಯಾದ ಇನ್ನೊಂದು ತೈಲ ಕಂಪನಿ ಲುಕಾಯಿಲ್‌ಗಳನ್ನು ನಿರ್ಬಂಧಿಸಿ, ನಡೆಯುತ್ತಿರುವ ವ್ಯವಹಾರಗಳನ್ನು ಮುಗಿಸಿಕೊಳ್ಳಲು ನವೆಂಬರ್ 21ರವರೆಗೆ ಕಾಲಾವಕಾಶ ಕೊಟ್ಟಿತು. ಒಫ್ಯಾಕ್‌ನ ನಿಯಮದಂತೆ ನಿರ್ಬಂಧಿತರು ಶೇ 50 ಅಥವಾ ಹೆಚ್ಚು ಪಾಲು ಹೊಂದಿರುವ ಕಂಪನಿ ಹೆಸರು ಹೇಳದಿದ್ದರೂ ತಾನಾಗಿಯೇ ನಿರ್ಬಂಧಿತವಾಗುತ್ತದೆ. ಶೇ 49.13 ಆ ಗೆರೆಯ ಕೆಳಗಿದೆ. ಅಮೆರಿಕದ ಅಳತೆ ಕೇವಲ ಒಡೆತನದ್ದು, ಹಿಡಿತದ್ದಲ್ಲ. ಐರೋಪ್ಯ ಮತ್ತು ಬ್ರಿಟಿಷ್ ಪದ್ಧತಿಗಳು ಹಿಡಿತವನ್ನೂ ನೋಡುತ್ತವೆ. ಹಾಗೆಂದು ಅಮೆರಿಕದ ಕಂಪನಿಯೊಂದು ಗೆರೆಯನ್ನಷ್ಟೇ ನೋಡಿ ನಿಶ್ಚಿಂತವಾಗಿರಲು ಬರುವುದಿಲ್ಲ. ಇನ್ನಾವನೋ ನಿರ್ಬಂಧಿತನ ಬಳಿ ಶೇ 0.87ರಷ್ಟು ಷೇರು ಇದ್ದರೆ ಪಾಲುಗಳನ್ನು ಕೂಡಿಸಿ ನೋಡಬೇಕೆಂದು ಅದೇ ನಿಯಮ ಹೇಳುತ್ತದೆ.

ಇದೇ ರಾಸ್‌ನೆಫ್ಟ್‌ಗೆ ಜರ್ಮನಿಯ ಶ್ವೇಡ್ಟ್ ಸಂಸ್ಕರಣಾಗಾರದಲ್ಲಿ ಶೇ 54.17ರಷ್ಟು ಪಾಲಿದೆ. ಜರ್ಮನ್ ಸರ್ಕಾರ 2022ರ ಸೆಪ್ಟೆಂಬರ್‌ನಲ್ಲಿ ರಾಸ್‌ನೆಫ್ಟ್‌ನ ಜರ್ಮನ್ ಘಟಕಗಳನ್ನು ತನ್ನ ನಿಯಂತ್ರಣ ಸಂಸ್ಥೆಯೊಂದರ ಟ್ರಸ್ಟಿತನಕ್ಕೆ ಒಪ್ಪಿಸಿತು, ಷೇರು ರಾಸ್‌ನೆಫ್ಟ್‌ನದಾಗಿಯೇ ಉಳಿಯಿತು, ಹಿಡಿತ ತಪ್ಪಿತು. 2025ರ ಅಕ್ಟೋಬರ್‌ನಲ್ಲಿ ಅಮೆರಿಕ ರಾಸ್‌ನೆಫ್ಟ್ ಅನ್ನು ನಿರ್ಬಂಧಿಸಿದಾಗ, ಅರ್ಧಕ್ಕಿಂತ ಹೆಚ್ಚು ಪಾಲು ಅದರದೇ ಆಗಿದ್ದರೂ, ಜರ್ಮನ್ ಘಟಕಗಳಿಗೆ ಆ ತಿಂಗಳೊಳಗೇ ವಿಶೇಷ ಪರವಾನಗಿ ಸಿಕ್ಕಿತು. ಬ್ರಿಟನ್ ಕೂಡ ಪರವಾನಗಿ ಕೊಟ್ಟಿತು. ಎರಡು ಅಳತೆಗೋಲು ಎಂಬ ಮಾತಿಗೆ ಇದಕ್ಕಿಂತ ಸ್ಪಷ್ಟವಾದ ಉದಾಹರಣೆ ಬೇಕೇ ಎಂದು ಕೇಳುವವರಿದ್ದಾರೆ. ಅವರ ಮಾತಿನಲ್ಲಿ ಹುರುಳಿದೆ, ಆದರೆ ಅನುಪಾಲನೆಯ ದೃಷ್ಟಿಯಿಂದ ಇನ್ನೊಂದನ್ನೂ ನೋಡಬೇಕು: ಬರ್ಲಿನ್ ಮೂರು ವರ್ಷ ಮೊದಲೇ ಒಡೆತನ ಮತ್ತು ಹಿಡಿತಗಳನ್ನು ಕಾನೂನಿನ ಮೂಲಕ ಬೇರ್ಪಡಿಸಿಟ್ಟಿತ್ತು, ಪರವಾನಗಿ ಕೇಳಲು ಅದರ ಬಳಿ ಕಾಗದವಿತ್ತು. ವಾಡಿನಾರ್‌ನ ಬಳಿ ಇದ್ದದ್ದು ಸ್ವತಂತ್ರ ಮಂಡಳಿಯಿದೆ ಎಂಬ ಷೇರುದಾರನ ಹೇಳಿಕೆ.

ಬೇರೆ ದಾರಿ ಇತ್ತೇ

ಇತ್ತು ಎಂದೇ ನನ್ನ ಅಭಿಪ್ರಾಯ. ಮೊದಲನೆಯದಾಗಿ, ಪಟ್ಟಿಗೆ ಹೆಸರು ಸೇರಿದ ಶುಕ್ರವಾರದಿಂದ ಮಂಗಳವಾರದವರೆಗಿನ ಅವಧಿಯಲ್ಲಿ ತಂತ್ರಾಂಶ ಕಂಪನಿಯೊಂದು ಮಾಡಬಹುದಾದ ಕನಿಷ್ಠ ಕೆಲಸವೆಂದರೆ ಐರೋಪ್ಯ ಪ್ರಜೆಗಳನ್ನೂ ಐರೋಪ್ಯ ಅಂಗಸಂಸ್ಥೆಗಳನ್ನೂ ಆ ಗ್ರಾಹಕನ ಕೆಲಸದಿಂದ ದೂರವಿಟ್ಟು, ಹೊಸ ಮಾರಾಟ ಮತ್ತು ನವೀಕರಣವನ್ನು ತಡೆದು, ಆಗಲೇ ಹಣ ಸಂದಾಯವಾದ ಸೇವೆಯನ್ನು ಭಾರತದ ಅಂಗಸಂಸ್ಥೆಯ ಮೂಲಕ ಮುಂದುವರಿಸುವುದು; ಅದೂ ಸಾಧ್ಯವಾಗದಿದ್ದರೆ ಗ್ರಾಹಕನಿಗೆ ನೋಟಿಸ್ ಕೊಟ್ಟು ದತ್ತಾಂಶವನ್ನು ಹೊರತೆಗೆದುಕೊಳ್ಳಲು ಅವಕಾಶ ಕೊಡುವುದು. ಐರೋಪ್ಯ ಸಿಬ್ಬಂದಿಯನ್ನು ಹೀಗೆ ಬದಿಗಿರಿಸುವ ಕ್ರಮ ಬ್ಯಾಂಕಿಂಗ್ ಕ್ಷೇತ್ರದಲ್ಲಿ ಹಳೆಯದು. ತಂತ್ರಾಂಶ ಉದ್ಯಮ ಅದನ್ನು ಇನ್ನೂ ಮೈಗೂಡಿಸಿಕೊಂಡಿಲ್ಲ, ಏಕೆಂದರೆ ಅದರ ಸೇವೆ ಎಲ್ಲಿ ನಡೆಯುತ್ತದೆಂಬುದು ಅದಕ್ಕೇ ಸ್ಪಷ್ಟವಿಲ್ಲ. ದತ್ತಾಂಶವನ್ನು ಏಕಾಏಕಿ ಕಡಿಯುವುದು ಹಣ ಸ್ತಂಭನಕ್ಕಿಂತ ಕಠಿಣ. ಸ್ತಂಭನವಾದ ಹಣ ಖಾತೆಯಲ್ಲೇ ಇರುತ್ತದೆ, ನಿಂತುಹೋದ ಇಮೇಲಿನ ಜೊತೆ ಸಂಸ್ಕರಣಾಗಾರದ ಸುರಕ್ಷತಾ ಸೂಚನೆ ಕೂಡ ನಿಂತುಹೋಗಬಹುದು.

ಗ್ರಾಹಕರ ಕಡೆಯ ಪಾಠ ಒಪ್ಪಂದದ ಷರತ್ತುಗಳಲ್ಲಿದೆ. ವಿದೇಶಿ ಒಡೆತನವಿರುವ ಭಾರತೀಯ ಕಂಪನಿಗಳು ಸಹಿ ಹಾಕುವ ತಂತ್ರಾಂಶ, ಹಡಗು ಬಾಡಿಗೆ ಮತ್ತು ವಿಮೆಯ ಕರಾರುಗಳಲ್ಲಿ ನಿರ್ಬಂಧ ಷರತ್ತು ಸಾಮಾನ್ಯವಾಗಿ ಪೂರೈಕೆದಾರನೇ ಬರೆದದ್ದು. ಯಾವುದೇ ದೇಶದ ಯಾವುದೇ ನಿರ್ಬಂಧ ಕಂಡುಬಂದರೆ ತಕ್ಷಣ ಸೇವೆ ನಿಲ್ಲಿಸುವ ಹಕ್ಕನ್ನು ಅದು ಅವನಿಗೆ ಕೊಡುತ್ತದೆ, ಖರೀದಿ ವಿಭಾಗ ಅದನ್ನು ಓದದೆ ದಾಟುತ್ತದೆ. ಪೂರೈಕೆದಾರನಿಗೆ ನಿಜವಾಗಿ ಅನ್ವಯಿಸುವ ಕಾನೂನಿಗಷ್ಟೇ ಆ ಹಕ್ಕನ್ನು ಸೀಮಿತಗೊಳಿಸಬೇಕು, ನೋಟಿಸಿನ ಅವಧಿಯನ್ನು ದಿನಗಳ ಲೆಕ್ಕದಲ್ಲಿ ಬರೆಸಬೇಕು, ದತ್ತಾಂಶ ಹಿಂಪಡೆಯುವ ಹಕ್ಕನ್ನು ಪ್ರತ್ಯೇಕ ಕಲಮಾಗಿ ಸೇರಿಸಬೇಕು, ವಿವಾದ ಬಂದರೆ ಯಾವ ನ್ಯಾಯಾಲಯ ಎಂಬುದನ್ನು ಭಾರತದೊಳಗೆ ನಿಗದಿಪಡಿಸಬೇಕು. ಬ್ರಿಟನ್ನಿನ ಪಟ್ಟಿ ಹೊರಬಿದ್ದ ಮೇಲೆ ಲಂಡನ್ ಮರುವಿಮೆಯ (ವಿಮಾ ಕಂಪನಿಗಳೇ ಪಡೆಯುವ ವಿಮೆಯ) ಮೇಲೆ ನಿಂತಿರುವ ಪಾಲಿಸಿಗಳಲ್ಲಿ ಇದೇ ಷರತ್ತಿನ ವಾಕ್ಯರಚನೆಯನ್ನು ಒಂದೊಂದಾಗಿ ಮತ್ತೆ ನೋಡುವ ಕೆಲಸ ಹಲವು ಕಂಪನಿಗಳ ಮುಂದಿದೆ.